ಏಳು ರೆಪೊಗಳಿಗೆ ಒಂದೇ ವರ್ಷನ್ ಕ್ಯಾಟಲಾಗ್: ಗ್ರೇಡಲ್ ಪ್ಲಗಿನ್ ಹೊಂದಿಸುವುದು ಹೇಗೆ?

ಏಳುರೆಪೊ · ಸೋಮವಾರ 10:20

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ನಮ್ಮ ಟೀಮಿನಲ್ಲಿ ಏಳು ರೆಪೊಗಳಿವೆ (ಕೋಡ್ ಇಡುವ ಜಾಗಗಳು). ಎಲ್ಲವೂ ಕಾಟ್ಲಿನ್ ಭಾಷೆಯಲ್ಲಿ, ಎಲ್ಲಕ್ಕೂ ಬಿಲ್ಡ್ ಮಾಡಲು ಗ್ರೇಡಲ್. ಇಷ್ಟು ದಿನ ಪ್ರತಿ ರೆಪೊದಲ್ಲೂ ಡಿಪೆಂಡೆನ್ಸಿಗಳಿಗೆ (ನಾವು ಬಳಸುವ ಹೊರಗಿನ ಲೈಬ್ರರಿಗಳಿಗೆ) ಅಂತಲೇ ಒಂದು ಗ್ರೇಡಲ್ ಫೈಲ್ ಇಟ್ಟುಕೊಂಡಿದ್ದೆವು. ವರ್ಷನ್ ನಂಬರ್‌ಗಳೆಲ್ಲ ಅದರ ಎಕ್ಸ್ಟ್ ಬ್ಲಾಕಿನಲ್ಲಿ. ಹೊಸ ರೆಪೊ ಬಂದಾಗ ಹಳೆಯದರಿಂದ ಕಾಪಿ. ಕಾಪಿ ಮಾಡಿದ ಮೇಲೆ ಯಾರೂ ಹಿಂತಿರುಗಿ ನೋಡಲಿಲ್ಲ. ಈಗ ಒಂದು ಕಡೆ ಜಾಕ್ಸನ್ (ಜೇಸನ್ ಡೇಟಾ ಓದಿ ಬರೆಯುವ ಲೈಬ್ರರಿ) 2.13.4, ಇನ್ನೊಂದು ಕಡೆ 2.15.2.

ಹೋದ ವಾರ ಒಂದು ಸರ್ವಿಸ್ ಶುರುವಾಗುತ್ತಿದ್ದ ಹಾಗೆ ಬಿದ್ದುಹೋಯಿತು. ಸ್ಟ್ರೀಮ್‌ರೀಡ್‌ಕನ್‌ಸ್ಟ್ರೇಂಟ್ಸ್ ಅನ್ನುವ ಕ್ಲಾಸ್ ಸಿಗುತ್ತಿಲ್ಲ ಅಂತ ಎರರ್. ಕಂಪೈಲ್ ಮಾತ್ರ ಸಲೀಸಾಗಿ ಆಗಿತ್ತು. ಅವತ್ತೇ ತೀರ್ಮಾನ ಮಾಡಿದೆವು, ಎಲ್ಲ ಒಂದೇ ಕಡೆ, ಒಂದು ವರ್ಷನ್ ಕ್ಯಾಟಲಾಗಿನಲ್ಲಿ (ಲೈಬ್ರರಿಗಳ ಹೆಸರು, ವರ್ಷನ್ ಇರುವ ಪಟ್ಟಿ) ಇರಬೇಕು ಅಂತ.

ಬೇರೆ ರೆಪೊ ಮಾಡಿ, ವರ್ಷನ್-ಕ್ಯಾಟಲಾಗ್ ಪ್ಲಗಿನ್ ಮತ್ತು ಮಾವೆನ್-ಪಬ್ಲಿಶ್ ಪ್ಲಗಿನ್ ಹಾಕಿ, ಆ ಪಟ್ಟಿ ಬರೆದಿರುವ ನಮ್ಮ ಟಾಮ್ಲ್ ಫೈಲನ್ನು ಒಳಗಿನ ಮಾವೆನ್ ರೆಪಾಸಿಟರಿಗೆ (ಲೈಬ್ರರಿಗಳನ್ನು ಇಡುವ ಸರ್ವರ್) ಪಬ್ಲಿಶ್ ಮಾಡಿದೆ. ಅದು ಆಯಿತು. ಬಳಸುವ ಕಡೆ ಸೆಟ್ಟಿಂಗ್ಸ್ ಫೈಲಿನಲ್ಲಿ ಲಿಬ್ಸ್ ಹೆಸರಿನ ಕ್ಯಾಟಲಾಗ್ ಕ್ರಿಯೇಟ್ ಮಾಡಿ, ಫ್ರಮ್ ಒಳಗೆ ಅದರ ವಿಳಾಸ ಕೊಟ್ಟೆ. ಆಗ ‘ಲಿಬ್ಸ್ ಕ್ಯಾಟಲಾಗಿನಲ್ಲಿ ಫ್ರಮ್ ಅನ್ನು ಒಂದೇ ಸಲ ಕರೆಯಬಹುದು’ ಅಂತ ಬೈಯುತ್ತಿದೆ. ನಾನು ಕರೆದಿರುವುದೂ ಒಂದೇ ಸಲ!

ಜಾರ್‌ಜೋಡಣೆ · 10:34

ಆ ರೆಪೊದ ಗ್ರೇಡಲ್ ಫೋಲ್ಡರಿನಲ್ಲಿ ಲಿಬ್ಸ್.ವರ್ಷನ್ಸ್.ಟಾಮ್ಲ್ ಅನ್ನುವ ಫೈಲ್ ಇನ್ನೂ ಕೂತಿದೆಯಾ ನೋಡಿ. ಆ ಜಾಗದಲ್ಲಿ ಆ ಹೆಸರಿನ ಫೈಲ್ ಇದ್ದರೆ ಗ್ರೇಡಲ್ ಯಾರನ್ನೂ ಕೇಳದೆ ಅದನ್ನೇ ಲಿಬ್ಸ್ ಅಂತ ಎತ್ತಿಕೊಳ್ಳುತ್ತದೆ. ಅದು ಮೊದಲನೇ ಫ್ರಮ್. ನಿಮ್ಮದು ಎರಡನೆಯದು. ಅದಕ್ಕೇ ಜಗಳ.

ಪಕ್ಕದಟರ್ಮಿನಲ್ · 10:41

ಮೇಲಿನವರು ಹೇಳಿದ್ದು ಸರಿ. ಆದರೆ ಫೈಲನ್ನು ಅಳಿಸಲೇಬೇಕು ಅಂತಿಲ್ಲ. ಆ ರೆಪೊಗೆ ಮಾತ್ರ ಬೇಕಾದ ಲೈಬ್ರರಿಗಳು ಇದ್ದೇ ಇರುತ್ತವೆ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್‌ಲೈಬ್ರರೀಸ್‌ಎಕ್ಸ್‌ಟೆನ್ಶನ್‌ನೇಮ್ ಅನ್ನುವ ಆಯ್ಕೆ ಇದೆ. ಅದಕ್ಕೆ ಬೇರೆ ಹೆಸರು ಕೊಟ್ಟರೆ ಲೋಕಲ್ ಫೈಲ್ ಆ ಹೆಸರಲ್ಲಿ ಸಿಗುತ್ತದೆ, ಲಿಬ್ಸ್ ಅನ್ನುವ ಹೆಸರು ಹಂಚಿಕೊಂಡ ಕ್ಯಾಟಲಾಗಿಗೆ ಉಳಿಯುತ್ತದೆ. ನಾವು ಹಾಗೇ ಇಟ್ಟಿದ್ದೇವೆ. ಯಾವುದು ಎಲ್ಲರದು, ಯಾವುದು ನಮ್ಮೊಬ್ಬರದು ಅನ್ನುವುದು ಬಿಲ್ಡ್ ಫೈಲ್ ಓದುವಾಗಲೇ ಗೊತ್ತಾಗುತ್ತದೆ.

ಏಳುರೆಪೊ · 11:05

ಹೌದು, ಫೈಲ್ ಅಲ್ಲೇ ಇತ್ತು! ಪಬ್ಲಿಶ್ ಮಾಡುವ ಮುಂಚೆ ಅದೇ ರೆಪೊದಲ್ಲಿ ಟ್ರಯಲ್ ನೋಡಿದ್ದೆ. ಇಬ್ಬರಿಗೂ ಥ್ಯಾಂಕ್ಸ್.

ಈಗ ಮುಂದಿನದು. ಕ್ಯಾಟಲಾಗ್ ಸಿಗುತ್ತಿಲ್ಲ, ರೆಪಾಸಿಟರಿಗಳನ್ನೇ ಹೇಳಿಲ್ಲ ಅನ್ನುತ್ತಿದೆ. ಬಿಲ್ಡ್ ಫೈಲಿನಲ್ಲಿ ರೆಪಾಸಿಟರಿ ಬ್ಲಾಕ್ ಇದೆ, ಒಳಗಿನ ರೆಪಾಸಿಟರಿಯ ವಿಳಾಸವೂ ಇದೆ.

ಜಾರ್‌ಜೋಡಣೆ · 11:12

ಬಿಲ್ಡ್ ಫೈಲಿನಲ್ಲಿ ಇದ್ದರೆ ಪ್ರಯೋಜನವಿಲ್ಲ. ಗ್ರೇಡಲ್ ಮೊದಲು ಸೆಟ್ಟಿಂಗ್ಸ್ ಓದುತ್ತದೆ, ಕ್ಯಾಟಲಾಗನ್ನು ತಂದು ಅದರಿಂದ ಲಿಬ್ಸ್ ತಯಾರು ಮಾಡುತ್ತದೆ. ಬಿಲ್ಡ್ ಫೈಲುಗಳ ಸರದಿ ಆಮೇಲೆ. ಹಾಗಾಗಿ ಕ್ಯಾಟಲಾಗನ್ನು ಎಲ್ಲಿಂದ ತರಬೇಕು ಅನ್ನುವುದು ಸೆಟ್ಟಿಂಗ್ಸ್‌ನಲ್ಲೇ, ಡಿಪೆಂಡೆನ್ಸಿರೆಸಲ್ಯೂಶನ್‌ಮ್ಯಾನೇಜ್‌ಮೆಂಟ್ ಬ್ಲಾಕಿನ ರೆಪಾಸಿಟರೀಸ್ ಒಳಗೆ ಇರಬೇಕು.

ಅಲ್ಲಿ ಬರೆದ ಮೇಲೆ ಬಿಲ್ಡ್ ಫೈಲುಗಳಲ್ಲಿರುವುದನ್ನು ತೆಗೆದುಬಿಡಿ. ಎರಡೂ ಕಡೆ ಇದ್ದರೆ ಪ್ರಾಜೆಕ್ಟಿನದೇ ಗೆಲ್ಲುತ್ತದೆ, ಡಿಫಾಲ್ಟ್ ಹಾಗೆ. ಯಾರಾದರೂ ಮತ್ತೆ ಸೇರಿಸಿದರೆ ಬಿಲ್ಡ್ ನಿಲ್ಲಲಿ ಅಂತಿದ್ದರೆ ರೆಪಾಸಿಟರೀಸ್ ಮೋಡ್‌ಗೆ ಫೇಲ್-ಆನ್-ಪ್ರಾಜೆಕ್ಟ್-ರೆಪೋಸ್ ಕೊಡಿ.

ನಿಧಾನಬಿಲ್ಡ್ · 11:40

ಇಷ್ಟೆಲ್ಲ ಯಾಕೆ? ಬಿಲ್ಡ್‌ಸೋರ್ಸ್ ಫೋಲ್ಡರಿನಲ್ಲಿ (ಬಿಲ್ಡ್‌ಗೆ ಬೇಕಾದ ಕೋಡ್ ಇಡುವ ಜಾಗ) ಒಂದು ಕಾಟ್ಲಿನ್ ಆಬ್ಜೆಕ್ಟ್ ಬರೆದು ಅದರಲ್ಲಿ ಕಾನ್ಸ್ಟಂಟ್‌ಗಳನ್ನು ಇಟ್ಟರೆ ಆಯಿತು. ಆಟೋಕಂಪ್ಲೀಟ್ ಸಿಗುತ್ತದೆ, ಕ್ಲಿಕ್ ಮಾಡಿದರೆ ಅಲ್ಲಿಗೇ ಹೋಗುತ್ತದೆ. ನಾವು ಹೀಗೇ ನಡೆಸಿಕೊಂಡು ಬಂದಿದ್ದೇವೆ.

ಟೆಸ್ಟ್‌ಪ್ರಿಯ · 11:46

ಒಂದು ರೆಪೊ ಆದರೆ ಸರಿ. ಅವರಿಗೆ ಏಳು ರೆಪೊ. ಆ ಫೋಲ್ಡರನ್ನೂ ಏಳು ಕಡೆ ಕಾಪಿ ಮಾಡಬೇಕಾ? ಅದೇ ರೋಗಕ್ಕೆ ಬೇರೆ ಹೆಸರು ಅಷ್ಟೇ.

ಇನ್ನೊಂದು ವಿಷಯ. ಬಿಲ್ಡ್‌ಸೋರ್ಸ್‌ನಲ್ಲಿ ಒಂದು ನಂಬರ್ ಬದಲಾಯಿಸಿದರೂ ಎಲ್ಲ ಮಾಡ್ಯೂಲ್‌ಗಳ ಬಿಲ್ಡ್ ಸ್ಕ್ರಿಪ್ಟ್‌ಗಳು ಮತ್ತೆ ಕಂಪೈಲ್ ಆಗಬೇಕಾಗುತ್ತದೆ. ನಿಮ್ಮ ಹೆಸರು ನಿಧಾನಬಿಲ್ಡ್ ಅಂತ ಇರುವುದಕ್ಕೆ ಅದೂ ಒಂದು ಕಾರಣ ಇರಬಹುದು, ಒಮ್ಮೆ ಅಳೆದು ನೋಡಿ. ಜೊತೆಗೆ ಲೈಬ್ರರಿ ಅಪ್‌ಡೇಟ್ ಮಾಡುವ ಬಾಟ್‌ಗಳಾದ ರೆನೊವೇಟ್, ಡಿಪೆಂಡಬಾಟ್ ಎರಡೂ ಟಾಮ್ಲ್ ಕ್ಯಾಟಲಾಗನ್ನು ನೇರವಾಗಿ ಓದುತ್ತವೆ. ಹೊಸ ವರ್ಷನ್ ಬಂದಾಗ ಪುಲ್ ರಿಕ್ವೆಸ್ಟ್ ತಾನಾಗಿಯೇ ಬರುತ್ತದೆ.

ನಿಧಾನಬಿಲ್ಡ್ · 11:58

ಏಳು ರೆಪೊ ಅನ್ನುವುದನ್ನು ನಾನು ಗಮನಿಸಿರಲಿಲ್ಲ. ಆ ಮಾತು ಒಪ್ಪಿದೆ. ಸ್ಪೀಡ್ ವಿಷಯ ಅಳೆದು ನೋಡಿ ಹೇಳುತ್ತೇನೆ.

ಕೆಂಪುಗೆರೆ · 12:30

ಏಳುರೆಪೊ ಅವರೇ, ಈಗಿನ ದಾರಿಯಲ್ಲೇ ಹೋದರೆ ಏಳೂ ಸೆಟ್ಟಿಂಗ್ಸ್ ಫೈಲಿನಲ್ಲಿ ಅದೇ ಇಪ್ಪತ್ತು ಸಾಲು ಬರುತ್ತದೆ. ರೆಪಾಸಿಟರಿ, ಮೋಡ್, ಕ್ಯಾಟಲಾಗ್ ವಿಳಾಸ, ಎಲ್ಲ. ಆರು ತಿಂಗಳಲ್ಲಿ ಅವೂ ಒಂದೊಂದು ದಿಕ್ಕಿಗೆ ಹೋಗುತ್ತವೆ. ಅದಕ್ಕೆ ಸೆಟ್ಟಿಂಗ್ಸ್ ಪ್ಲಗಿನ್ ಮಾಡಿ.

ಕೆಲಸ ದೊಡ್ಡದೇನಲ್ಲ. ಸಾಮಾನ್ಯ ಪ್ಲಗಿನ್ ಪ್ರಾಜೆಕ್ಟ್ ಮೇಲೆ ಕೂರುತ್ತದೆ, ಇದು ಸೆಟ್ಟಿಂಗ್ಸ್ ಮೇಲೆ ಕೂರುತ್ತದೆ. ಅಂದರೆ ಪ್ಲಗಿನ್ ಇಂಟರ್‌ಫೇಸ್‌ಗೆ ಪ್ರಾಜೆಕ್ಟ್ ಬದಲು ಸೆಟ್ಟಿಂಗ್ಸ್ ಟೈಪ್ ಕೊಡುತ್ತೀರಿ. ಅಪ್ಲೈ ಒಳಗೆ ಈಗ ಕೈಯಿಂದ ಬರೆದಿದ್ದನ್ನೇ ಬರೆಯುತ್ತೀರಿ. ಪಬ್ಲಿಶ್ ಮಾಡಲು ಜಾವಾ-ಗ್ರೇಡಲ್-ಪ್ಲಗಿನ್ ಹಾಕಿ, ಒಂದು ಐಡಿ ಕೊಡಿ. ಬಳಸುವ ರೆಪೊದ ಸೆಟ್ಟಿಂಗ್ಸ್‌ನಲ್ಲಿ ಪ್ಲಗಿನ್ಸ್ ಬ್ಲಾಕ್, ಅದರಲ್ಲಿ ಆ ಐಡಿ ಮತ್ತು ವರ್ಷನ್. ಸೆಟ್ಟಿಂಗ್ಸ್ ಫೈಲಿನಲ್ಲಿ ಪ್ಲಗಿನ್ಸ್ ಬ್ಲಾಕ್ ಗ್ರೇಡಲ್ 6.0ರಿಂದಲೇ ನಡೆಯುತ್ತದೆ.

ಒಂದು ಸಾಲು ಮಾತ್ರ ತಪ್ಪಿಸಲು ಆಗುವುದಿಲ್ಲ. ಪ್ಲಗಿನ್ನೇ ನಿಮ್ಮ ಒಳಗಿನ ರೆಪಾಸಿಟರಿಯಲ್ಲಿದೆ. ಅದನ್ನು ತರಲು ಪ್ಲಗಿನ್‌ಮ್ಯಾನೇಜ್‌ಮೆಂಟ್ ಬ್ಲಾಕಿನಲ್ಲಿ ವಿಳಾಸ ಕೊಡಲೇಬೇಕು, ಮತ್ತು ಆ ಬ್ಲಾಕ್ ಫೈಲಿನ ಮೊದಲಲ್ಲೇ ಬರಬೇಕು. ಅದೂ ಬೇಡ ಅಂದರೆ ಗ್ರೇಡಲ್ ಡಿಸ್ಟ್ರಿಬ್ಯೂಶನ್ ಒಳಗೆ ಇನಿಟ್ ಸ್ಕ್ರಿಪ್ಟ್ (ಬಿಲ್ಡ್ ಶುರುವಾಗುವ ಮುಂಚೆ ಓಡುವುದು) ಸೇರಿಸಿ, ನಿಮ್ಮದೇ ಜಿಪ್ ಮಾಡಿ, ರ್‍ಯಾಪರ್‌ಗೆ ಅದರ ವಿಳಾಸ ಕೊಡಬಹುದು. ಏಳು ರೆಪೊಗೆ ಅದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ.

ಕ್ಯಾಟಲಾಗಿನ ವರ್ಷನ್ ಕಡೆ ಜಾಗ್ರತೆ. ಸುಲಭ ಅಂತ ಕೊನೆಯಲ್ಲಿ ಪ್ಲಸ್ (ಇರುವುದರಲ್ಲಿ ಹೊಸದು ಬರಲಿ ಅಂತ) ಹಾಕಬೇಡಿ. ನಾವು ಹಾಕಿದ್ದೆವು. ಗ್ರೇಡಲ್ ಅಂಥ ವರ್ಷನ್‌ಗಳಿಗೆ ಸಿಕ್ಕ ಉತ್ತರವನ್ನು 24 ಗಂಟೆ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ರಿಲೀಸ್ ದಿನ ನನ್ನ ಮಶಿನ್‌ನಲ್ಲಿ ಹಳೆಯ ಕ್ಯಾಟಲಾಗ್, ಸಿಐ ಮಶಿನ್‌ನಲ್ಲಿ (ತಾನಾಗಿ ಬಿಲ್ಡ್, ಟೆಸ್ಟ್ ಮಾಡುವುದು) ಹೊಸದು. ಅದೇ ಕಮಿಟ್, ಎರಡು ಜಾರ್, ಎರಡು ಬೇರೆ ನಡವಳಿಕೆ. ಆ ಸಂಜೆ ನನಗೆ ಇವತ್ತಿಗೂ ನೆನಪಿದೆ. ಪ್ಲಗಿನ್ ವರ್ಷನ್ 1.4.0 ಅಂದರೆ ಕ್ಯಾಟಲಾಗ್ ವರ್ಷನ್ನೂ 1.4.0 ಅಂತ ಕಟ್ಟಿಹಾಕಿ.

ಹೊಸಕೀಬೋರ್ಡ್ · 12:52

ಅಣ್ಣಾ, ಒಂದು ಸಣ್ಣ ಡೌಟು. ಟಾಮ್ಲ್ ಬದಲಾಯಿಸಿದ ಪ್ರತಿ ಸಲವೂ ಪಬ್ಲಿಶ್ ಮಾಡಿಯೇ ನೋಡಬೇಕಾ?

ಕೆಂಪುಗೆರೆ · 13:04

ಪಬ್ಲಿಶ್-ಟು-ಮಾವೆನ್-ಲೋಕಲ್ ಟಾಸ್ಕ್ ಓಡಿಸಿ, ನಿಮ್ಮ ಮಶಿನ್‌ಗೇ ಪಬ್ಲಿಶ್ ಆಗುತ್ತದೆ. ಬಳಸುವ ಕಡೆ ಸೆಟ್ಟಿಂಗ್ಸ್‌ನಲ್ಲಿ ಮಾವೆನ್‌ಲೋಕಲ್ ಸೇರಿಸಿ ನೋಡಿ. ನೋಡಿದ ಮೇಲೆ ಆ ಸಾಲು ತೆಗೆಯಲು ಮರೆಯಬೇಡಿ. ಬಿಟ್ಟರೆ ನಿಮ್ಮ ಮಶಿನ್‌ನಲ್ಲಿ ಮಾತ್ರ ಓಡುವ ಬಿಲ್ಡ್ ತಯಾರಾಗುತ್ತದೆ.

ಹಳೆಯಮಾವೆನಿಗ · 14:15

ಓದುತ್ತಾ ಬಂದೆ. ನಾನು ಮಾವೆನ್ (ಗ್ರೇಡಲ್‌ನಂಥದೇ ಇನ್ನೊಂದು ಬಿಲ್ಡ್ ಟೂಲ್) ಕಡೆಯವನು. ನಮ್ಮಲ್ಲಿ ಡಿಪೆಂಡೆನ್ಸಿಮ್ಯಾನೇಜ್‌ಮೆಂಟ್ ವಿಭಾಗ ಇದೆ, ಬಾಮ್ (ವರ್ಷನ್‌ಗಳ ಪಟ್ಟಿ) ಇಂಪೋರ್ಟ್ ಮಾಡುತ್ತೇವೆ, 2.0.9ರಿಂದ ಇದೆ. ಒಂದು ಪಾಮ್‌ಗೆ (ಮಾವೆನ್‌ನ ಪ್ರಾಜೆಕ್ಟ್ ಫೈಲ್) ಪೇರೆಂಟ್ ಒಂದೇ ಇರಬಹುದು, ಬಾಮ್‌ಗಳು ಎಷ್ಟು ಬೇಕಾದರೂ ಬರಬಹುದು. ಕೆಲಸ ಮುಗಿಯಿತು. ನೀವು ಕ್ಯಾಟಲಾಗ್ ಅಂತಿರುವುದು ಅದೇ ತಾನೇ?

ಪಕ್ಕದಟರ್ಮಿನಲ್ · 14:28

ಅಲ್ಲ. ಇಲ್ಲೇ ತುಂಬಾ ಜನ ಎಡವುತ್ತಾರೆ.

ಮಾವೆನ್‌ನಲ್ಲಿ ಡಿಪೆಂಡೆನ್ಸಿಮ್ಯಾನೇಜ್‌ಮೆಂಟ್ ಒಳಗೆ 2.15.2 ಅಂತ ಬರೆದರೆ, ಆ ಲೈಬ್ರರಿ ಇನ್ಯಾರದೋ ಬೆನ್ನು ಹತ್ತಿ ಬಂದರೂ 2.15.2 ಆಗಿಯೇ ಬರುತ್ತದೆ. ಕ್ಯಾಟಲಾಗ್ ಹಾಗಲ್ಲ. ಅದೊಂದು ಹೆಸರಿನ ಪಟ್ಟಿ ಅಷ್ಟೇ. ಲಿಬ್ಸ್.ಜಾಕ್ಸನ್.ಕೋರ್ ಅಂತ ಬರೆದಾಗ, ಆ ಜಾಗದಲ್ಲಿ ನೀವೇ ಕೈಯಿಂದ ಪೂರ್ತಿ ವಿಳಾಸ ಬರೆದ ಹಾಗೆ. ಬೇರೆ ಲೈಬ್ರರಿ 2.17 ಕೇಳಿದರೆ ಗ್ರೇಡಲ್ ದೊಡ್ಡದನ್ನೇ ಆರಿಸುತ್ತದೆ. ಮಾವೆನ್‌ನಲ್ಲಾದರೆ, ನೀವು ಏನೂ ಹೇಳದಿದ್ದಾಗ, ಮರದಲ್ಲಿ ಹತ್ತಿರ ಇರುವುದು ಗೆಲ್ಲುತ್ತದೆ.

ನಿಮ್ಮ ಬಾಮ್‌ಗೆ ಗ್ರೇಡಲ್‌ನಲ್ಲಿ ಜೋಡಿ ಅಂದರೆ ಪ್ಲಾಟ್‌ಫಾರ್ಮ್. ಜಾವಾ-ಪ್ಲಾಟ್‌ಫಾರ್ಮ್ ಪ್ಲಗಿನ್ ಹಾಕಿ, ಕನ್‌ಸ್ಟ್ರೇಂಟ್ಸ್ ಬ್ಲಾಕಿನಲ್ಲಿ ಲೈಬ್ರರಿಗಳನ್ನು ಬರೆದು ಪಬ್ಲಿಶ್ ಮಾಡುವುದು. ಮಾವೆನ್ ಬಾಮ್ ಇದ್ದರೆ ಅದನ್ನೂ ಪ್ಲಾಟ್‌ಫಾರ್ಮ್ ಅಂತಲೇ ಕರೆದುಕೊಳ್ಳಬಹುದು. ಜಾಕ್ಸನ್‌ನವರೇ ಒಂದು ಬಾಮ್ ಕೊಡುತ್ತಾರೆ.

ಜಾರ್‌ಜೋಡಣೆ · 14:40

ಒಂದು ತಿದ್ದುಪಡಿ. ಟಾಮ್ಲ್ ಒಳಗೂ ಸ್ಟ್ರಿಕ್ಟ್‌ಲಿ ಅಂತ ಬರೆದು ಇಂತಿಷ್ಟೇ ವರ್ಷನ್ ಅಂತ ಬಿಗಿ ಮಾಡಬಹುದು. ಆದ್ದರಿಂದ ಬರೀ ಹೆಸರಿನ ಪಟ್ಟಿ ಅನ್ನುವುದು ಪೂರ್ತಿ ಸರಿಯಲ್ಲ.

ಪಕ್ಕದಟರ್ಮಿನಲ್ · 14:47

ಸರಿ, ಆದರೆ ಅದಕ್ಕೂ ಒಂದು ಮಿತಿ ಇದೆ. ಆ ಬಿಗಿ ನಡೆಯುವುದು ಆ ಲೈಬ್ರರಿಯನ್ನು ಯಾರಾದರೂ ಡಿಪೆಂಡೆನ್ಸಿ ಅಂತ ನೇರವಾಗಿ ಬರೆದಾಗ ಮಾತ್ರ. ಕ್ಯಾಟಲಾಗಿನಲ್ಲಿ ಇದೆ ಅನ್ನುವ ಕಾರಣಕ್ಕೇ ಏನೂ ಆಗುವುದಿಲ್ಲ. ಪ್ಲಾಟ್‌ಫಾರ್ಮಿನ ಕನ್‌ಸ್ಟ್ರೇಂಟ್ ಆದರೆ ನೀವು ಬರೆಯದ, ಹಿಂಬಾಗಿಲಿಂದ ಬಂದ ಲೈಬ್ರರಿಗೂ ಹತ್ತುತ್ತದೆ.

ಜಾರ್‌ಜೋಡಣೆ · 14:50

ಒಪ್ಪಿದೆ. ಎನ್‌ಫೋರ್ಸ್ಡ್‌ಪ್ಲಾಟ್‌ಫಾರ್ಮ್ (ಪ್ಲಾಟ್‌ಫಾರ್ಮಿನ ವರ್ಷನ್‌ಗಳನ್ನೇ ಕಡ್ಡಾಯ ಮಾಡುವುದು) ಬಗ್ಗೆಯೂ ಒಂದು ಮಾತು. ಕೊನೆಯಲ್ಲಿ ಓಡುವ ಅಪ್ಲಿಕೇಶನ್‌ನಲ್ಲಿ ಹಾಕಿದರೆ ಪರವಾಗಿಲ್ಲ. ಪಬ್ಲಿಶ್ ಮಾಡುವ ಲೈಬ್ರರಿಯಲ್ಲಿ ಹಾಕಿದರೆ ನಿಮ್ಮ ಹಟವನ್ನು ಬಳಸುವವರೆಲ್ಲರ ಮೇಲೂ ಹೇರಿದ ಹಾಗೆ.

ಹಳೆಯಮಾವೆನಿಗ · 15:02

ಚೆನ್ನಾಗಿ ಬಿಡಿಸಿ ಹೇಳಿದಿರಿ. ಎರಡು ಬೇರೆ ಕೆಲಸಕ್ಕೆ ಎರಡು ಬೇರೆ ಸಾಮಾನು. ನಮ್ಮಲ್ಲಿ ಎರಡೂ ಒಂದರಲ್ಲೇ ಸೇರಿಕೊಂಡಿವೆ, ಅದಕ್ಕೇ ಗೊಂದಲ ಆಯಿತು.

ಬೇರೆಮಾತು · 15:20

ನನಗೆ ಮೂಲದಲ್ಲೇ ತಕರಾರಿದೆ. ಏಳು ಸರ್ವಿಸ್ ಅಂದರೆ ಏಳು ಬೇರೆ ಪ್ರೊಸೆಸ್. ಒಂದರ ಜಾಕ್ಸನ್ ಇನ್ನೊಂದಕ್ಕೆ ಕಾಣುವುದೇ ಇಲ್ಲ. ಎಲ್ಲರೂ ಒಂದೇ ವರ್ಷನ್‌ನಲ್ಲಿ ಇರಬೇಕು ಅಂತ ಯಾಕೆ ಹಟ? ನಾನು ಹಿಂದೆ ಇದ್ದ ಟೀಮಿನಲ್ಲಿ ಇಂಥದೇ ಒಂದು ಕಾಮನ್ ಫೈಲ್ ಇತ್ತು. ಒಬ್ಬರಿಗೆ ಹೊಸ ವರ್ಷನ್ ಬೇಕು, ಇನ್ನೊಬ್ಬರಿಗೆ ಈಗ ಟೆಸ್ಟ್ ಮಾಡಲು ಪುರುಸೊತ್ತಿಲ್ಲ. ಒಂದು ಲೈಬ್ರರಿ ಮೇಲೆತ್ತಲು ನಾಲ್ಕು ಟೀಮಿನವರು ಕೂತು ಮಾತಾಡಬೇಕಿತ್ತು. ಕೊನೆಗೆ ಯಾರೂ ಮುಟ್ಟದ ಫೈಲ್ ಆಯಿತು, ಎಲ್ಲರೂ ಒಟ್ಟಿಗೆ ಹಳಬರಾದರು.

ಏಳುರೆಪೊ · 15:33

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೆ ನಮ್ಮಲ್ಲಿ ಏಳರಲ್ಲಿ ಮೂರು ಸರ್ವಿಸ್‌ಗಳು ನಮ್ಮದೇ ಕಾಮನ್ ಲೈಬ್ರರಿ ಬಳಸುತ್ತವೆ. ಆ ಲೈಬ್ರರಿ ಯಾವ ಜಾಕ್ಸನ್ ಜೊತೆ ಟೆಸ್ಟ್ ಆಗಿದೆಯೋ ಅದರ ಜೊತೆಗೇ ಓಡಬೇಕು ಅಲ್ವಾ? ಅಲ್ಲಿಯೇ ಏಟು ಬಿದ್ದಿದ್ದು.

ಕೆಂಪುಗೆರೆ · 15:41

ಎಲ್ಲರೂ ಒಟ್ಟಿಗೆ ಹಳಬರಾಗಬೇಕಿಲ್ಲ. ಕ್ಯಾಟಲಾಗೇ ಒಂದು ವರ್ಷನ್ ಇರುವ ವಸ್ತು. ಎ ಸರ್ವಿಸ್ 1.4.0ದಲ್ಲಿ, ಬಿ ಸರ್ವಿಸ್ 1.3.2ರಲ್ಲಿ ಇರಬಹುದು, ಪುರುಸೊತ್ತಾದಾಗ ಮೇಲೆ ಬರಲಿ. ತೀರಾ ಅವಸರ ಅಂದರೆ, ಸೆಟ್ಟಿಂಗ್ಸ್‌ನಲ್ಲಿ ಫ್ರಮ್ ಆದ ಮೇಲೆ ವರ್ಷನ್ ಅಂತ ಕರೆದು ಜಾಕ್ಸನ್‌ಗೆ ಬೇರೆ ನಂಬರ್ ಕೊಡಿ. ಆ ರೆಪೊಗೆ ಮಾತ್ರ ಬದಲಾಗುತ್ತದೆ. ಟಾಮ್ಲ್‌ನಲ್ಲಿ ಲೈಬ್ರರಿಗಳು ವರ್ಷನ್.ರೆಫ್ ಮೂಲಕ ನಂಬರ್ ಪಡೆಯುತ್ತಿರಬೇಕು ಅಷ್ಟೇ. ನಂಬರನ್ನು ಅಲ್ಲೇ ನೇರವಾಗಿ ಬರೆದಿದ್ದರೆ ಇದು ನಡೆಯುವುದಿಲ್ಲ.

ಬೇರೆಮಾತು · 15:55

ಹಾಗಿದ್ದರೆ ನನ್ನ ತಕರಾರು ಅರ್ಧ ಕಡಿಮೆಯಾಯಿತು. ಕಾಮನ್ ಲೈಬ್ರರಿ ಮುಟ್ಟುವಷ್ಟನ್ನು ಮಾತ್ರ ಹಂಚಿಕೊಳ್ಳಿ, ಉಳಿದದ್ದು ಅವರವರ ಲೋಕಲ್ ಫೈಲಿನಲ್ಲಿರಲಿ ಅನ್ನುವುದು ಈಗಲೂ ನನ್ನ ಮಾತು.

ಸುಮ್ನೆಓದುಗ · 16:10

ವಿಷಯ ಬಿಟ್ಟು ಒಂದು ಪ್ರಶ್ನೆ. ಟಾಮ್ಲ್ ಅಂದರೆ ಏನು? ಹೆಸರು ವಿಚಿತ್ರವಾಗಿದೆ.

ಟೆಸ್ಟ್‌ಪ್ರಿಯ · 16:14

ಟಾಮ್ಸ್ ಆಬ್ವಿಯಸ್ ಮಿನಿಮಲ್ ಲ್ಯಾಂಗ್ವೇಜ್. ಟಾಮ್ ಪ್ರೆಸ್ಟನ್-ವರ್ನರ್ 2013ರಲ್ಲಿ ಶುರು ಮಾಡಿದ್ದು, ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರು. 1.0.0 ಬಂದಿದ್ದು 2021ರ ಜನವರಿಯಲ್ಲಿ. ಗ್ರೇಡಲ್ 7.0ದಲ್ಲಿ ಕ್ಯಾಟಲಾಗ್ ಪ್ರಯೋಗಕ್ಕೆ ಬಂದಿದ್ದೂ ಅದೇ ವರ್ಷ. ಅದು ಪಕ್ಕಾ ಆಗಿದ್ದು 7.4ರಲ್ಲಿ, 2022ರ ಫೆಬ್ರವರಿ.

ಹೊಸಕೀಬೋರ್ಡ್ · 16:25

ಹೆಸರಿನ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಟಾಮ್ಲ್‌ನಲ್ಲಿ ಜಾಕ್ಸನ್-ಡೇಟಾಬೈಂಡ್ ಅಂತ ಬರೆದೆ, ಬಿಲ್ಡ್ ಫೈಲಿನಲ್ಲಿ ಹಾಗೇ ಬರೆದರೆ ಸಿಗುತ್ತಿಲ್ಲ.

ಜಾರ್‌ಜೋಡಣೆ · 16:31

ಅಡ್ಡಗೆರೆ, ಅಂಡರ್‌ಸ್ಕೋರ್ ಎರಡೂ ಬಿಲ್ಡ್ ಫೈಲಿನಲ್ಲಿ ಚುಕ್ಕಿ ಆಗುತ್ತವೆ. ಹಾಗಾಗಿ ಲಿಬ್ಸ್.ಜಾಕ್ಸನ್.ಡೇಟಾಬೈಂಡ್ ಅಂತ ಬರೆಯಿರಿ. ಗುಂಪು ಆಗುವುದು ಬೇಡ ಅಂದರೆ ಅಡ್ಡಗೆರೆ ಬಿಟ್ಟು, ಎರಡನೇ ಪದದ ಮೊದಲ ಅಕ್ಷರ ದೊಡ್ಡದು ಮಾಡಿ ಒಂದೇ ಪದ ಮಾಡಿ. ಲೈಬ್ರರಿ ಹೆಸರು ವರ್ಷನ್ಸ್, ಬಂಡಲ್ಸ್, ಪ್ಲಗಿನ್ಸ್ ಅಂತ ಶುರುವಾಗಬಾರದು, ಅವು ಗ್ರೇಡಲ್ ತನಗೇ ಇಟ್ಟುಕೊಂಡವು.

ಟೆಸ್ಟ್‌ಪ್ರಿಯ · 16:38

ಬಂಡಲ್ ಬಗ್ಗೆಯೂ ಎಚ್ಚರ. ಹತ್ತು ಲೈಬ್ರರಿ ಒಂದು ಬಂಡಲ್‌ಗೆ ತುಂಬಿದರೆ ಬರೆಯಲು ಒಂದೇ ಸಾಲು. ಆದರೆ ಎರಡೇ ಬೇಕಿದ್ದ ಮಾಡ್ಯೂಲ್‌ಗೂ ಹತ್ತೂ ಬರುತ್ತವೆ. ಯಾವಾಗಲೂ ಜೊತೆಗೇ ಬಳಸುವುದನ್ನು ಮಾತ್ರ ಕಟ್ಟಿ.

ಏಳುರೆಪೊ · ಮಂಗಳವಾರ 11:15

ರಾತ್ರಿ ಕೂತು ಸೆಟ್ಟಿಂಗ್ಸ್ ಪ್ಲಗಿನ್ ಬರೆದೆ, ಪ್ಲಾಟ್‌ಫಾರ್ಮ್ ಕೂಡ ಸೇರಿಸಿದೆ. ಆರು ರೆಪೊ ಸರಿಯಾಗಿ ಓಡುತ್ತಿವೆ. ಏಳನೆಯದು ಮಾತ್ರ, ಯಾವುದು ಬಿದ್ದಿತ್ತೋ ಅದೇ, ಮತ್ತೆ ಅದೇ ಎರರ್ ಕೊಡುತ್ತಿದೆ. ಕ್ಯಾಟಲಾಗಿನಲ್ಲಿ 2.15.2, ಪ್ಲಾಟ್‌ಫಾರ್ಮಿನಲ್ಲಿ 2.15.2. ಜಾರ್ ಬಿಚ್ಚಿ ನೋಡಿದರೆ ಡೇಟಾಬೈಂಡ್ 2.15.2, ಕೋರ್ ಮಾತ್ರ 2.13.4! ಪ್ಲಗಿನ್ ಬರೆಯುವುದರಲ್ಲಿ ಏನೋ ತಪ್ಪಿದ್ದೇನೆ ಅನ್ನಿಸುತ್ತಿದೆ.

ಜಾರ್‌ಜೋಡಣೆ · 11:22

ಪ್ಲಗಿನ್ ಸರಿಯಾಗೇ ಇದೆ, ಆರು ಕಡೆ ಓಡುತ್ತಿದೆಯಲ್ಲ. ಎರರ್ ಮಾತ್ರ ಅರ್ಥವಾಯಿತು. ಸ್ಟ್ರೀಮ್‌ರೀಡ್‌ಕನ್‌ಸ್ಟ್ರೇಂಟ್ಸ್ ಕ್ಲಾಸ್ ಜಾಕ್ಸನ್ ಕೋರ್‌ಗೆ ಬಂದಿದ್ದೇ 2.15ರಲ್ಲಿ. ಡೇಟಾಬೈಂಡ್ 2.15 ಅದನ್ನು ಹುಡುಕುತ್ತದೆ, ಕೋರ್ 2.13ರಲ್ಲಿ ಅದು ಇಲ್ಲ. ಆದರೆ ಗ್ರೇಡಲ್ ತಾನಾಗಿ ಸಣ್ಣ ವರ್ಷನ್‌ಗೆ ಇಳಿಯುವುದಿಲ್ಲ. ಯಾರೋ ಕೈಯಿಟ್ಟಿದ್ದಾರೆ.

ಊಹೆ ಬೇಡ, ಕೇಳಿಬಿಡಿ. ಡಿಪೆಂಡೆನ್ಸಿಇನ್‌ಸೈಟ್ ಟಾಸ್ಕ್ ಓಡಿಸಿ, ಡಿಪೆಂಡೆನ್ಸಿ ಜಾಕ್ಸನ್-ಕೋರ್, ಕಾನ್ಫಿಗರೇಶನ್ ರನ್‌ಟೈಮ್‌ಕ್ಲಾಸ್‌ಪಾತ್ ಅಂತ ಕೊಡಿ. ಬಂದಿದ್ದನ್ನು ಇಲ್ಲಿ ಹಾಕಿ.

ಏಳುರೆಪೊ · 11:40

ಓಡಿಸಿದೆ. ಜಾಕ್ಸನ್-ಕೋರ್ 2.15.2, ಮುಂದೆ ಬಾಣದ ಗುರುತು, 2.13.4. ಆಯ್ಕೆಗೆ ಕಾರಣ ಅನ್ನುವ ಕಡೆ ಒಂದೇ ಪದ: ಫೋರ್ಸ್ಡ್.

ಪಕ್ಕದಟರ್ಮಿನಲ್ · 11:43

ಸಿಕ್ಕಿತು! ರೆಸಲ್ಯೂಶನ್‌ಸ್ಟ್ರಾಟಜಿ ಅಂತ ಇಡೀ ರೆಪೊ ಹುಡುಕಿ.

ಏಳುರೆಪೊ · 12:10

ಸಿಕ್ಕಿತು. ಹಳೆಯ ಡಿಪೆಂಡೆನ್ಸಿ ಫೈಲಿನ ಕೊನೆಯಲ್ಲಿ, ಎಕ್ಸ್ಟ್ ಬ್ಲಾಕ್ ಮುಗಿದ ಮೇಲೆ, ನಾಲ್ಕು ಸಾಲು. ಜಾಕ್ಸನ್-ಕೋರ್ 2.13.4ಕ್ಕೆ ಫೋರ್ಸ್. ವರ್ಷನ್‌ಗಳನ್ನು ಟಾಮ್ಲ್‌ಗೆ ಸಾಗಿಸಿದೆ, ಆದರೆ ಆ ಫೈಲನ್ನು ರೂಟ್ ಬಿಲ್ಡ್ ಫೈಲ್ ಇನ್ನೂ ಅಪ್ಲೈ ಮಾಡುತ್ತಿತ್ತು. ಗಿಟ್ ಬ್ಲೇಮ್ ನೋಡಿದರೆ ಎರಡು ವರ್ಷದ ಹಿಂದೆ ಯಾವುದೋ ಬಗ್‌ಗೆ ತಾತ್ಕಾಲಿಕ ಅಂತ ಹಾಕಿದ್ದು. ನಾಲ್ಕು ಸಾಲು ತೆಗೆದೆ, ಇನ್‌ಸೈಟ್ ಮತ್ತೆ ಓಡಿಸಿದೆ, ಬಾಣ ಹೋಯಿತು. ಸರ್ವಿಸ್ ಎದ್ದಿತು.

ಹೋದ ವಾರವೇ ಈ ಒಂದು ಕಮಾಂಡ್ ಓಡಿಸಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕಾಪಿ ಮಾಡಿದ ಫೈಲುಗಳು ದಾರಿ ತಪ್ಪಿವೆ ಅಂತಲೇ ನಂಬಿಕೊಂಡಿದ್ದೆ.

ಬೇರೆಮಾತು · 12:18

ಅಂದರೆ ಕ್ಯಾಟಲಾಗ್ ಇಲ್ಲದೆಯೂ ಸರಿಹೋಗುತ್ತಿತ್ತು!

ಏಳುರೆಪೊ · 12:24

ಈ ಒಂದು ಎರರ್ ಹೋಗುತ್ತಿತ್ತು, ನಿಜ. ಏಳು ಕಡೆ ಏಳು ನಂಬರ್ ಇರುವುದು ಹೋಗುತ್ತಿರಲಿಲ್ಲ. ಕ್ಯಾಟಲಾಗ್ ಇರಲಿ. ನಿಮ್ಮ ಮಾತಿನಂತೆ ಹಂಚುವ ಪಟ್ಟಿಯನ್ನು ಸಣ್ಣದು ಮಾಡಿದ್ದೇನೆ. 64 ಲೈಬ್ರರಿ ಇತ್ತು, ಈಗ 23.

ಹಳೆಯಮಾವೆನಿಗ · 12:31

ಫೋರ್ಸ್ ಹಾಕುವಾಗ ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಪಕ್ಕದಟರ್ಮಿನಲ್ · 12:36

ಅದಕ್ಕೆ ಗ್ರೇಡಲ್‌ನಲ್ಲೇ ಜಾಗ ಇದೆ. ಫೋರ್ಸ್ ಬದಲು ಕನ್‌ಸ್ಟ್ರೇಂಟ್ ಬರೆದು, ಅದರೊಳಗೆ ಬಿಕಾಸ್ ಅಂತ ಕಾರಣ ಕೊಡಿ. ಡಿಪೆಂಡೆನ್ಸಿಇನ್‌ಸೈಟ್ ಓಡಿಸಿದಾಗ ಆ ಕಾರಣವೂ ಕಾಣುತ್ತದೆ. ಫೋರ್ಸ್ಡ್ ಅನ್ನುವ ಒಂಟಿ ಪದದ ಬದಲು, ಇಂಥ ಬಗ್‌ಗಾಗಿ ಅಂತ ಬರುತ್ತದೆ.

ನಿಧಾನಬಿಲ್ಡ್ · 14:05

ಅಳೆದು ನೋಡಿದೆ. ಬಿಲ್ಡ್‌ಸೋರ್ಸ್‌ನಲ್ಲಿ ಒಂದು ಸಾಲು ಬದಲಾಯಿಸಿದ ಮೇಲೆ ಎಲ್ಲ ಸ್ಕ್ರಿಪ್ಟೂ ಮತ್ತೆ ಕಂಪೈಲ್ ಆಗುತ್ತಿದೆ, ಟೆಸ್ಟ್‌ಪ್ರಿಯ ಹೇಳಿದ್ದು ಸರಿ. ನಾನೂ ಟಾಮ್ಲ್‌ಗೆ ಸಾಗಿಸಲು ಕೂತೆ. ನಮ್ಮ ಕನ್ವೆನ್ಶನ್ ಪ್ಲಗಿನ್‌ಗಳು (ಮಾಡ್ಯೂಲ್‌ಗಳಿಗೆಲ್ಲ ಸಾಮಾನ್ಯವಾದ ಬಿಲ್ಡ್ ನಿಯಮಗಳು) ಬಿಲ್ಡ್‌ಸೋರ್ಸ್‌ನಲ್ಲೇ ಇವೆ. ಅವುಗಳ ಒಳಗೆ ಲಿಬ್ಸ್ ಅಂದರೆ ಕೆಂಪು ಗೆರೆ ಬರುತ್ತಿದೆ. ಏನು ಮಾಡಲಿ?

ಕೆಂಪುಗೆರೆ · 14:20

ನನ್ನ ಹೆಸರು ಬಂದಿದ್ದೇ ಅದರಿಂದ. ಎರಡು ಹೆಜ್ಜೆ ಇದೆ.

ಬಿಲ್ಡ್‌ಸೋರ್ಸ್ ತನ್ನದೇ ಬೇರೆ ಬಿಲ್ಡ್. ಹೊರಗಿನ ಕ್ಯಾಟಲಾಗ್ ಅದಕ್ಕೆ ತಾನಾಗಿ ಕಾಣುವುದಿಲ್ಲ. ಅದರೊಳಗೆ ಒಂದು ಸೆಟ್ಟಿಂಗ್ಸ್ ಫೈಲ್ ಇಟ್ಟು, ಫ್ರಮ್‌ನಲ್ಲಿ ಒಂದು ಫೋಲ್ಡರ್ ಮೇಲಿರುವ ಟಾಮ್ಲ್ ಫೈಲನ್ನು ತೋರಿಸಿ. ಇದರಿಂದ ಬಿಲ್ಡ್‌ಸೋರ್ಸ್‌ನ ಸ್ವಂತ ಬಿಲ್ಡ್ ಫೈಲಿನಲ್ಲಿ ಲಿಬ್ಸ್ ಸಿಗುತ್ತದೆ.

ಕನ್ವೆನ್ಶನ್ ಸ್ಕ್ರಿಪ್ಟ್‌ಗಳ ಒಳಗೆ ಆಗಲೂ ಚುಕ್ಕಿ ಹಾಕಿ ಬರೆಯುವ ಹಾಗಿಲ್ಲ. ಅಲ್ಲಿ ಎಕ್ಸ್‌ಟೆನ್ಶನ್ಸ್ ಮೂಲಕ ವರ್ಷನ್‌ಕ್ಯಾಟಲಾಗ್ಸ್‌ಎಕ್ಸ್‌ಟೆನ್ಶನ್ ತೆಗೆದುಕೊಂಡು, ನೇಮ್ಡ್ ಒಳಗೆ ಲಿಬ್ಸ್ ಕೊಟ್ಟು, ಫೈಂಡ್‌ಲೈಬ್ರರಿಗೆ ಹೆಸರನ್ನು ಸ್ಟ್ರಿಂಗ್ ಆಗಿ ಕೊಡಿ, ಕೊನೆಗೆ ಗೆಟ್. ಬರೆಯಲು ಉದ್ದ, ಆಟೋಕಂಪ್ಲೀಟೂ ಇಲ್ಲ, ಆದರೆ ಅಧಿಕೃತ ಎಪಿಐ ಇದೇ. ಚುಕ್ಕಿ ಸಿಗುವ ಹಾಗೆ ಮಾಡುವ ಒಂದು ಅಡ್ಡದಾರಿಯೂ ಓಡಾಡುತ್ತಿದೆ. ಗ್ರೇಡಲ್ ತನಗಾಗಿ ತಯಾರಿಸಿದ ಕ್ಲಾಸಿನ ಜಾರನ್ನೇ ಹುಡುಕಿ ಕ್ಲಾಸ್‌ಪಾತ್‌ಗೆ ಸೇರಿಸುವುದು. ನಾನು ಬಳಸುವುದಿಲ್ಲ, ಒಳಗಿನ ಕ್ಲಾಸ್ ಅದು, ಯಾವ ಅಪ್‌ಗ್ರೇಡ್‌ನಲ್ಲಿ ಬೇಕಾದರೂ ಮುರಿಯಬಹುದು.

ನಿಧಾನಬಿಲ್ಡ್ · 14:52

ಫೈಂಡ್‌ಲೈಬ್ರರಿ ಓಡಿತು. ನಾಳೆ ಉಳಿದ ಮಾಡ್ಯೂಲ್‌ಗಳು.